ಯಾರ ಮಾತಿಗೆ ಯಾರ ಉತ್ತರ

ಚಾಮರಾಜನಗರದ ಮಗ್ಗುಲಿನ ಹರದನಹಳ್ಳಿಯಲ್ಲಿ ಗೋಸಲ ಚನ್ನಬಸವೇಶ್ವರರ ಶಿಷ್ಯರಾಗಿದ್ದ ತೋಂಟದ ಸಿದ್ಧಲಿಂಗರು ಕೊನೆಗೆ ನೆಲೆ ನಿಂತದ್ದು ಎಡೆಯೂರಿನಲ್ಲಿ. ಗೂಳೂರು ಸಿದ್ಧವೀರಣ್ಣೊಡೆಯರು ಅವರ ಪರಂಪರೆಯವರು. ಅವರು ಶರಣರ ವಚನಗಳನ್ನು ಸಂಭಾಷಣೆಯಾಗಿ ಜೋಡಿಸಿದ ‘ಶೂನ್ಯಸಂಪಾದನೆ’ ಆ ಹೆಸರಿನ ನಾಲ್ಕು ಸಂಪಾದನೆಗಳಲ್ಲಿ ಕಡೆಯದು. ಇಂದು ನಾವು ಹೆಚ್ಚಾಗಿ ಓದುವುದೂ ಅದನ್ನೇ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದದ್ದೂ ಇದನ್ನೇ.

ವಚನ ಒಂಟಿ ಮಾತು. ಅಂಕಿತ ಬಿತ್ತೆಂದರೆ ಅದರ ಬಾಗಿಲು ಮುಚ್ಚಿತು. 12ನೇ ಶತಮಾನದ ಇಂಥ ಮಾತುಗಳನ್ನು ಸಂಪಾದನಕಾರರು ಸುಮಾರು ಮುನ್ನೂರು ವರ್ಷಗಳ ಮೇಲೆ ಎದುರುಬದುರು ಕೂರಿಸಿದರು: ಇದು ಪ್ರಶ್ನೆ, ಅದು ಜವಾಬು. ನಡುವೆ ಒಂದೆರಡು ಸಾಲಿನ ಗದ್ಯ, ಅದೇ ಹೊಲಿಗೆ. ಕೆಲವು ಕಡೆ ಆ ಹೊಲಿಗೆ ಬೇಕೇ ಆಗುವುದಿಲ್ಲ. ಅಣ್ಣ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕನ ವಚನಗಳು ಮೊದಲಿನಿಂದಲೂ ಎದುರಿಗೊಬ್ಬರನ್ನು ಕೂರಿಸಿಕೊಂಡು ಆಡಿದಂತಿವೆ. ಎದುರಿಗೆ ಕೂತ ಅಲ್ಲಮಪ್ರಭುವಿನ ಮಾತಿಗೆ ಅವಳು ಸುಲಭಕ್ಕೆ ತಲೆ ಬಾಗಿಸುವುದಿಲ್ಲ. ಇಡೀ ಗ್ರಂಥದಲ್ಲಿ ನನಗೆ ಅತ್ಯಂತ ಜೀವಂತವಾಗಿ ಕಾಣುವ ಭಾಗ ಇದು.

ಅಕ್ಕಮಹಾದೇವಿಯ ಭಾಗ ಇದಕ್ಕಿಂತ ಹೆಸರುವಾಸಿ. ಆದರೆ ಅಲ್ಲಿ ನನಗೆ ತಕರಾರಿದೆ. ಅಕ್ಕ ತನ್ನ ದೈವ ಚೆನ್ನಮಲ್ಲಿಕಾರ್ಜುನನನ್ನು ಕರೆದು ಏಕಾಂತದಲ್ಲಿ ಆಡಿದ ಮಾತು ತುಂಬಿದ ಸಭೆಯಲ್ಲಿ ಪರೀಕ್ಷೆಯ ಉತ್ತರವಾಗುತ್ತದೆ. ಉಟ್ಟದ್ದನ್ನು ಬಿಟ್ಟ ಮೇಲೆ ಕೂದಲ ಮರೆ ಯಾಕೆ ಎಂದು ಅಲ್ಲಮ ಕೆಣಕುತ್ತಾನೆ, ಅಕ್ಕ ಸಮಜಾಯಿಷಿ ಕೊಡುತ್ತಾಳೆ. ರಂಗದ ಮೇಲೆ ಇದು ಎಷ್ಟು ಸೊಗಸಾಗಿ ನಿಲ್ಲುತ್ತದೆ! ಆದರೂ ಒಲಿದವನಿಗೆ ಆಡಿದ್ದನ್ನು ಒರೆಹಚ್ಚುವವನ ಕೈಗೆ ಕೊಟ್ಟಾಗ ಅದರ ಸ್ವರವೇ ಬದಲಾಗುತ್ತದೆ. ಸಂಪಾದನಕಾರ ಒಂದಕ್ಷರ ತಿದ್ದಬೇಕಿಲ್ಲ, ಪಕ್ಕದಲ್ಲಿ ಯಾರನ್ನು ಕೂರಿಸಬೇಕೆಂದು ತೀರ್ಮಾನಿಸಿದರೆ ಸಾಕು.

ಈ ಅಧಿಕಾರ ಎಂಥದೆಂದು ಶರಣ ಸಿದ್ಧರಾಮನ ಪ್ರಸಂಗದಲ್ಲಿ ಬಯಲಾಗುತ್ತದೆ. ಶಿವಗಣಪ್ರಸಾದಿ ಮಹಾದೇವಯ್ಯನ ಮೊದಲ ಸಂಪಾದನೆಯಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆ ಆಗುವುದಿಲ್ಲ. ಮುಂದಿನ ಸಂಪಾದನೆಗಳಲ್ಲಿ ಆಗುತ್ತದೆ. ಹಳೆಯ ವಚನಗಳೇ, ಹೊಸ ಜೋಡಣೆ. ಇದನ್ನು ಮೋಸ ಎನ್ನಲಾರೆ. ಚದುರಿಹೋಗುತ್ತಿದ್ದ ಮಾತುಗಳಿಗೆ ಮನೆ ಕಟ್ಟಿಕೊಟ್ಟವರು ಇವರು. ಆದರೆ ಆ ಮನೆಯಲ್ಲಿ ಯಜಮಾನ ಒಬ್ಬನೇ. ಯಾರು ಯಾವ ಬಾಗಿಲಿಂದ ಬಂದರೂ ಕಡೆಗೆ ಅಲ್ಲಮನ ಒಪ್ಪಿಗೆ ಪಡೆದೇ ಒಳಗೆ ಕೂರಬೇಕು. ನುಲಿಯ ಚಂದಯ್ಯನ ಕಾಯಕನಿಷ್ಠೆಯೂ ಆಯ್ದಕ್ಕಿ ಮಾರಯ್ಯನ ದುಡಿಮೆಯೂ ಇದೇ ತಕ್ಕಡಿಗೆ ಬೀಳುತ್ತವೆ. ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಗಂಡ ಮಾರಯ್ಯನಿಂದ ವಾಪಸು ಸುರಿಸುವ ಲಕ್ಕಮ್ಮ ಮಾತ್ರ, ನನ್ನ ಕಣ್ಣಿಗೆ, ಆ ತಕ್ಕಡಿಗೆ ಸಿಗುವವಳಲ್ಲ.

ಹರದನಹಳ್ಳಿಯ ಇದೇ ಸೀಮೆಯಲ್ಲಿ, ಗುಂಡ್ಲುಪೇಟೆ ಕೊಳ್ಳೇಗಾಲಗಳ ಕಡೆ, ತಂಬೂರಿ ಹಿಡಿದ ನೀಲಗಾರರು ಶರಣರ ಕಲ್ಯಾಣದ ಕಥೆಯನ್ನು ಬೇರೆ ಥರ ಹಾಡುತ್ತಾರೆ. ಅವರಿಗೆ ಅಲ್ಲಮಪ್ರಭುವೇ ಮಂಟೇಸ್ವಾಮಿ. ಶೂನ್ಯಸಂಪಾದನೆಯಲ್ಲಿನಂತೆ ಅವನಿಗೆ ಅಲ್ಲಿ ಸಿಂಹಾಸನವಿಲ್ಲ, ಕುಷ್ಠ ಹಿಡಿದ, ಯಾರೂ ಮುಟ್ಟಲೊಲ್ಲದ ಮೈಯಲ್ಲಿ ಅವನು ಕಲ್ಯಾಣದ ಬಾಗಿಲಿಗೆ ಬರುತ್ತಾನೆ, ಒಳಗೆ ಬಿಡುವವರಿಲ್ಲ. ಪರೀಕ್ಷೆ ಇಲ್ಲೂ ಉಂಟು, ಆದರೆ ಶರಣರಲ್ಲಿ ಬಹುಪಾಲು ಮಂದಿ ಗೆಲ್ಲುವುದಿಲ್ಲ. ಹಾಡುಗಾರನ ಸೊಲ್ಲನ್ನು ಹಿಮ್ಮೇಳ ಅಲ್ಲೇ ಎತ್ತಿಕೊಳ್ಳುತ್ತದೆ. ಗದ್ಯದ ಹೊಲಿಗೆಗೆ ಅಲ್ಲಿ ಕೆಲಸವಿಲ್ಲ. ಕೊನೆಗೆ ಮಂಟೇಸ್ವಾಮಿ ಕಲ್ಯಾಣವನ್ನೇ ಬಿಟ್ಟು ಕಾವೇರಿ ಸೀಮೆಯ ದಾರಿ ಹಿಡಿಯುತ್ತಾನೆ.