ಹುಣ್ಣಿಮೆಯ ಹೆಸರುಗಳೂ ಪಾಸ್ಖದ ಅರ್ಥವೂ: ಸಂತ ಬೀಡರ ಒಂದು ಅಧ್ಯಾಯ

ಪಾಸ್ಖಕಾಲ ಸಮೀಪಿಸಿದಾಗಲೆಲ್ಲ ಈಸ್ಟರ್ ಮೂಲತಃ ಅನ್ಯದೇವತೆಯೊಬ್ಬಳ ಹಬ್ಬವೆಂಬ ವಾದ ತಲೆಯೆತ್ತುತ್ತದೆ. ಆ ದೇವತೆಯನ್ನು ಹೆಸರಿಸುವ ಪ್ರಾಚೀನ ಬರಹ ಒಂದೇ: ಇಂಗ್ಲೆಂಡಿನ ಜಾರೋ ಮಠದ ಸಂತ ಬೀಡರು 725ರಲ್ಲಿ ಲತೀನಿನಲ್ಲಿ ರಚಿಸಿದ ಕಾಲಗಣನೆಯ ಗ್ರಂಥದ ಹದಿನೈದನೆಯ ಅಧ್ಯಾಯ. ವಾದಿಸುವವರೂ ಖಂಡಿಸುವವರೂ ಅದನ್ನು ಓದುವುದು ವಿರಳವಾದ್ದರಿಂದ ಅದರ ಪರಾಮರ್ಶೆ ಅಗತ್ಯ.

ತಮ್ಮ ಪೂರ್ವಜರು ತಿಂಗಳುಗಳನ್ನು ಚಂದ್ರನ ಗತಿಯಿಂದ ಎಣಿಸುತ್ತಿದ್ದರೆಂದು ಬೀಡರು ತಿಳಿಸುತ್ತಾರೆ. ಅವರ ವರ್ಷಾರಂಭ ಡಿಸೆಂಬರ್ 25. ಆ ರಾತ್ರಿಗೆ 'ಮಾತೆಯರ ರಾತ್ರಿ' ಎಂದು ಹೆಸರು. ಅಕ್ಟೋಬರಿನ 'ವಿಂಟರ್‌ಫಿಲೆತ್' ಎಂಬುದರಲ್ಲಿ ಚಳಿಗಾಲ, ಹುಣ್ಣಿಮೆ ಎಂಬೆರಡು ಅರ್ಥಗಳು ಕೂಡಿವೆ. ಆ ಹುಣ್ಣಿಮೆಯಿಂದಲೇ ಚಳಿಗಾಲದ ಎಣಿಕೆ. ದಿನಕ್ಕೆ ಮೂರು ಬಾರಿ ಹಾಲು ಕರೆಯುತ್ತಿದ್ದುದರಿಂದ ಮೇ ತಿಂಗಳಿಗೆ ಹೆಸರು ಬಂದಿತು. ನವೆಂಬರ್ 'ರಕ್ತದ ತಿಂಗಳು'. ಕೊಯ್ಯಲಿರುವ ದನಗಳನ್ನು ಆಗ ದೇವತೆಗಳಿಗೆ ಅರ್ಪಿಸುತ್ತಿದ್ದರು. ಏಪ್ರಿಲಿಗೆ ಎಯೊಸ್ತ್ರೆ ಎಂಬ ದೇವತೆಯ ಹೆಸರು.

ಎಯೊಸ್ತ್ರೆಯ ಕುರಿತು ಬೀಡರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಮೊಲವಿಲ್ಲ, ಮೊಟ್ಟೆಯಿಲ್ಲ, ಪುರಾಣಕಥೆಯೂ ಇಲ್ಲ. 1835ರಲ್ಲಿ ಯಾಕೋಬ್ ಗ್ರಿಮ್ ಊಹಿಸಿದ ಜರ್ಮನ್ ದೇವತೆ 'ಒಸ್ತಾರಾ' ಈ ಉಲ್ಲೇಖದ ಮೇಲೆಯೇ ನಿಂತಿದ್ದಾಳೆ. ತಿಂಗಳ ಹೆಸರಿನಿಂದ ಬೀಡರೇ ದೇವತೆಯನ್ನು ಊಹಿಸಿರಬಹುದೆಂದು ಕೆಲವು ವಿದ್ವಾಂಸರು ಶಂಕಿಸಿದರು. 1958ರಲ್ಲಿ ಜರ್ಮನಿಯಲ್ಲಿ ದೊರೆತ, 'ಔಸ್ತ್ರಿಯಹೇನೆ' ಎಂಬ ಮಾತೃದೇವತೆಯರ ಶಾಸನಗಳು ಆ ಶಂಕೆಯನ್ನು ಸಡಿಲಿಸುತ್ತವೆ, ಆದರೆ ಅವರೇ ಎಯೊಸ್ತ್ರೆ ಎಂದು ಸಾಧಿಸುವುದಿಲ್ಲ. ಹೇಗಿದ್ದರೂ ಹಬ್ಬಕ್ಕೆ ಬಂದದ್ದು ತಿಂಗಳ ಹೆಸರು ಮಾತ್ರ. 597ರಲ್ಲಿ ಸಂತ ಅಗಸ್ಟೀನರು ಕೆಂಟಿಗೆ ಬರುವುದಕ್ಕೆ ಶತಮಾನಗಳ ಮೊದಲೇ ಧರ್ಮಸಭೆ ಪಾಸ್ಖವನ್ನು ಆಚರಿಸುತ್ತಿತ್ತು. ನಮ್ಮ 'ಪಾಸ್ಖ' ಎಂಬ ಪದದಲ್ಲಿ ವಿಮೋಚನಕಾಂಡದ ನೆನಪು ಇಂದಿಗೂ ಉಳಿದಿದೆ.

ಅಧ್ಯಾಯದ ಕೊರತೆಯಿರುವುದು ಅದರ ಮುಕ್ತಾಯದಲ್ಲಿ. ತಮ್ಮ ಜನರನ್ನು ಈ ವ್ಯರ್ಥಾಚಾರಗಳಿಂದ ಬಿಡಿಸಿದ ಯೇಸುವಿಗೆ ಬೀಡರು ಕೃತಜ್ಞತೆ ಸಲ್ಲಿಸುತ್ತಾರೆ. ಕೃತಜ್ಞತೆ ಯುಕ್ತವೇ, ಆದರೆ ಹಾಲಿನ ತಿಂಗಳನ್ನೂ ರಕ್ತದ ತಿಂಗಳನ್ನೂ, ಸೃಷ್ಟಿಯ ಕೊಡುಗೆಯನ್ನೂ ವಿಗ್ರಹಾರಾಧನೆಯನ್ನೂ ಅವರು ಇಲ್ಲಿ ಬೇರ್ಪಡಿಸುವುದಿಲ್ಲ. ಆ ವಿವೇಚನೆ ಅವರ 'ಆಂಗ್ಲ ಜನಾಂಗದ ಧರ್ಮಸಭೆಯ ಇತಿಹಾಸ'ದಲ್ಲಿದೆ. ಅಲ್ಲಿ ಅವರು ಉದ್ಧರಿಸುವ ಪತ್ರದಲ್ಲಿ ಪೋಪ್ ಮಹಾ ಗ್ರೆಗೊರಿಯವರು 601ರಲ್ಲಿ ಮೆಲ್ಲಿಟಸರಿಗೆ ವಿಗ್ರಹಗಳನ್ನು ನಾಶಮಾಡಿ ಗುಡಿಗಳನ್ನು ಉಳಿಸಲು, ದನಗಳ ಬಲಿಯ ಬದಲು ದೇವಸ್ತುತಿಯ ಔತಣ ಏರ್ಪಡಿಸಲು ಸೂಚಿಸುತ್ತಾರೆ. ಈ ಎರಡು ಬರಹಗಳನ್ನು ಜೊತೆಗಿಟ್ಟು ಓದಬೇಕು. ಕಾಲಗಣನೆಯ ಗ್ರಂಥವೂ ಇದನ್ನೇ ಒಪ್ಪುತ್ತದೆ: ವಸಂತ ವಿಷುವದ ನಂತರದ ಹುಣ್ಣಿಮೆಯಿಲ್ಲದೆ ಪಾಸ್ಖದ ದಿನವನ್ನೇ ನಿರ್ಣಯಿಸಲಾಗದು. ಚಂದ್ರನು ಯಾವ ದೇವತೆಯ ಸ್ವತ್ತೂ ಅಲ್ಲ, ಸೃಷ್ಟಿಕರ್ತನ ಕೃತಿ.

ನಮ್ಮ ಗುರುಗಳಿಗೆ ಇದು ಕೇವಲ ಪಾಂಡಿತ್ಯದ ವಿಷಯವಲ್ಲ. ಸೆಪ್ಟೆಂಬರ್ 8ರ ಮರಿಯಮ್ಮನವರ ಜನನೋತ್ಸವದಂದು ಕರಾವಳಿಯ ಭಕ್ತರು ಹೊಸ ತೆನೆಯನ್ನು ಆಶೀರ್ವಾದಕ್ಕೆ ತಂದಾಗ, ಸುಗ್ಗಿಯ ಸಂಪ್ರದಾಯಕ್ಕೆ ಹೆದರಿ ಅದನ್ನು ನಿರಾಕರಿಸುವುದೂ, ಅದರ ಅರ್ಥವನ್ನು ಬೋಧಿಸದೆ ಆಚರಿಸುವುದೂ ಸಲ್ಲದು. ಈ ತೆನೆಯನ್ನು ಕೊಟ್ಟವರಾರು, ಕೃತಜ್ಞತೆ ಯಾರಿಗೆ ಸಲ್ಲಬೇಕು ಎಂಬುದನ್ನು ಅಂದಿನ ಪ್ರಬೋಧನೆಯಲ್ಲಿ ಸ್ಪಷ್ಟವಾಗಿ ತಿಳಿಸುವುದು ಗುರುವಿನ ಕರ್ತವ್ಯ.