ಗ್ಯಾಟ್ಸ್‌ಬಿಯ ವೇಷ, ಕೃಷ್ಣನ ವೇಷ

ಫಿಟ್ಜ್‌ಜೆರಾಲ್ಡ್‌ನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ (1925) ಕಾದಂಬರಿಯನ್ನು ಪ್ರೇಮಕತೆಯೆಂದೇ ಓದುತ್ತೇವೆ. ಬಡ ರೈತನ ಮಗ ಹೆಸರು ಬದಲಿಸಿಕೊಂಡು, ಕಳ್ಳದಂಧೆಯಲ್ಲಿ ದುಡ್ಡು ಮಾಡಿ, ಡೈಸಿಯ ಮನೆಯೆದುರು, ಕೊಲ್ಲಿಯಾಚೆ ಬಂಗಲೆ ಕೊಳ್ಳುತ್ತಾನೆ. ಅವನ ಅಂಗಿಗಳ ರಾಶಿಯಲ್ಲಿ ಮುಖ ಹುದುಗಿಸಿ ಅವಳು ಅಳುತ್ತಾಳೆ. ಆದರೆ ಗಂಡ ಟಾಮ್‌ನ ತಲೆಮಾರಿನ ಸಿರಿವಂತಿಕೆ ಬಿಟ್ಟು ಬರುವುದಿಲ್ಲ.

ಹಿಪ್ಪರಗಿ, ಜಮಖಂಡಿ ಕಡೆಯ ಓದುಗರಿಗೆ ಇಲ್ಲಿ ಕುಲಗೋಡ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ ನೆನಪಾದೀತು. ಅಲ್ಲೂ ಕಾಣಿಕೆಯೇ ಪ್ರೀತಿಯ ಅಳತೆ. ಹೂವು ರುಕ್ಮಿಣಿಗೆ ಸಂದಿತೆಂದು ಸತ್ಯಭಾಮೆ ಮುನಿಯುತ್ತಾಳೆ. ದ್ವಾರಕೆಯ ದೊರೆ ಕೊರವಂಜಿಯಾಗಿ ಅವಳ ಬಾಗಿಲಿಗೆ ಬರುತ್ತಾನೆ.

ಕೃಷ್ಣ ವೇಷ ತೊಟ್ಟು ಕೆಳಗಿಳಿದರೆ ಗ್ಯಾಟ್ಸ್‌ಬಿ ವೇಷ ತೊಟ್ಟು ಮೇಲೇರುತ್ತಾನೆ. ಇಳಿದವನಿಗೆ ಮರಳಲು ಅರಮನೆಯಿದೆ. ಏರಿದವನಿಗೆ ವೇಷವೇ ಮನೆ. ಅದು ಕಳಚಿದಾಗ ಡೈಸಿ ಹಿಂಜರಿದದ್ದು ಬರೀ ಚಂಚಲತೆಯಲ್ಲ, ಅವಳ ಸಂಸಾರ ನಿಂತಿದ್ದೇ ಹಣದ ಮೇಲೆ. ಕೊನೆಗೆ ಗ್ಯಾಟ್ಸ್‌ಬಿಯ ಮಣ್ಣಿಗೆ ಅವಳು ಒಂದು ಹೂವನ್ನೂ ಕಳಿಸಲಿಲ್ಲ.