ಎಲುಬು ಬಲ್ಲವರ ಬಣ್ಣ

ಮುಂಬೈ ಪಕ್ಕದ ಠಾಣೆಯಲ್ಲಿ ಒಬ್ಬ ಡಾಕ್ಟರರಿದ್ದರು, ಎಕ್ಸ್‌ರೇ ಬೆಳಕಿಗೆ ಹಿಡಿದು ಎಲುಬು ಎಲ್ಲಿ ಬಿರುಕು ಬಿಟ್ಟಿದೆ ಎಂದು ಹೇಳುವವರು. 1975ರಿಂದ 2005ರವರೆಗೆ ಅವರ ಹೊಟ್ಟೆಪಾಡು ಅದೇ. ಓದಿದ್ದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ. ಚಿತ್ರಕಲೆ ತಾವೇ ಕಲಿತದ್ದು. ಹೆಸರು ಸುಧೀರ್ ಪಟವರ್ಧನ್. ಮುಂಬೈಯನ್ನು ಇವರಷ್ಟು ಹತ್ತಿರದಿಂದ ಬಣ್ಣದಲ್ಲಿ ಹಿಡಿದ ಇನ್ನೊಬ್ಬರನ್ನು ನಾನಂತೂ ಕಂಡಿಲ್ಲ.

ದಿನವಿಡೀ ದೇಹವನ್ನು ನೆರಳಾಗಿ ನೋಡಿ ನೋಡಿ ಸಾಕಾಗುತ್ತಿತ್ತೋ ಏನೋ, ಕ್ಯಾನ್ವಾಸಿನ ಮೇಲೆ ಅವರ ಮನುಷ್ಯರಿಗೆ ಭರ್ತಿ ತೂಕ. 1977ರ ‘ಇರಾನಿ ರೆಸ್ಟೋರಂಟ್’, 1980ರ ‘ಟ್ರೇನ್’, 1981ರ ‘ಓವರ್‌ಬ್ರಿಜ್’: ಹೋಟೆಲು, ಲೋಕಲ್ಲು, ರೈಲ್ವೆ ಮೇಲ್ಸೇತುವೆ, ಅಷ್ಟೇ ಪ್ರಪಂಚ. ಆ ಮೈಗಳಲ್ಲಿ ಫ್ರಾನ್ಸಿನ ಚಿತ್ರಕಾರ ಫೆರ್ನಾಂ ಲೆಜೆಯ ಕೊಳವೆಯಂಥ ಕೈಕಾಲುಗಳ ನೆನಪಿದೆ, ನಿಜ. ಆದರೆ ಲೆಜೆಯವರ ಕಾರ್ಮಿಕರು ಯಂತ್ರದ ಬಿಡಿಭಾಗದ ಹಾಗೆ ಮಿರಿಮಿರಿ ಮಿಂಚುತ್ತಾರೆ. ಪಟವರ್ಧನರ ಕಾರ್ಮಿಕರು ಪಾಳಿ ಮುಗಿಸಿ, ಬೆವರಿ, ಮನೆ ಕಡೆ ಹೊರಟವರು. ಎಡಪಂಥಕ್ಕೆ ಒಲಿದಿದ್ದ ಕಲಾವಿದನಿಗೆ ಮುಷ್ಟಿ ಎತ್ತಿದ ಕಾರ್ಮಿಕನನ್ನು ಬರೆಯುವ ಆಸೆ ಸಹಜವೇ. ಆ ಸುಲಭಕ್ಕೆ ಇವರು ಕೈಹಾಕಲಿಲ್ಲ. ದಣಿವೇ ಸಾಕಷ್ಟು ಮಾತಾಡುತ್ತದೆಂದು ನಂಬಿದವರ ಹಾಗೆ ಬರೆದರು.

1981ರಲ್ಲಿ ಕಲಾವಿದರಾದ ಭೂಪೇನ್ ಖಖ್ಖರ್, ಗುಲಾಂ ಮೊಹಮ್ಮದ್ ಶೇಖ್, ಜೋಗೇನ್ ಚೌಧುರಿ, ನಳಿನಿ ಮಾಲಾನಿ, ವಿವಾನ್ ಸುಂದರಂ ಜೊತೆ ಸೇರಿ ‘ಪ್ಲೇಸ್ ಫಾರ್ ಪೀಪಲ್’ ಪ್ರದರ್ಶನ ನಡೆಸಿದರು. ಹೆಸರೇ ಹೇಳುವಂತೆ, ಚಿತ್ರದೊಳಗೆ ಜನಕ್ಕೆ ಜಾಗ ಕೇಳಿದ ಗುಂಪು ಅದು.

ಆಮೇಲೆ ಕ್ಯಾನ್ವಾಸು ಅಗಲವಾಯಿತು. 1984ರ ‘ಟೌನ್’, 2001ರ ‘ಲೋವರ್ ಪರೇಲ್’ ಮುಂದೆ ಒಂದೇ ಕಡೆ ಊರಿ ನಿಂತರೆ ಪ್ರಯೋಜನವಿಲ್ಲ. ಕಣ್ಣು ಅಲೆಯಬೇಕು, ಒಮ್ಮೆ ಮೇಲಿನಿಂದ ಇಣುಕಬೇಕು, ಮತ್ತೆ ರಸ್ತೆಗಿಳಿಯಬೇಕು. ಊರಿನಲ್ಲಿ ತಿರುಗುವಾಗ ನಾವು ನೋಡುವುದೂ ಹೀಗೇ ಅಲ್ಲವೇ, ತುಣುಕು ತುಣುಕಾಗಿ?

ನನ್ನದೊಂದು ತಕರಾರು ಬಹಳ ಕಾಲ ಇತ್ತು. ಚಿತ್ರ ಅಗಲವಾದಂತೆ ಮನುಷ್ಯ ಸಣ್ಣಗಾದ; ಇರಾನಿ ಹೋಟೆಲಿನವನ ಭಾರ ಈ ಗುಂಪಿನಲ್ಲಿ ಯಾರಿಗೂ ಇಲ್ಲ. ಚಿತ್ರಕಾರನ ಕೈ ಸಡಿಲಾಯಿತು ಎಂದೇ ಎಣಿಸಿದ್ದೆ. 1982ರ ಬಟ್ಟೆ ಗಿರಣಿ ಕಾರ್ಮಿಕರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಲೋವರ್ ಪರೇಲಿನಲ್ಲಿ, ಈಗಿನ ಗಾಜಿನ ಕಟ್ಟಡಗಳ ಕೆಳಗೆ ಒಂದು ಸಂಜೆ ನಡೆದೆ. ಆಮೇಲೆ ಆ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳಲು ಬಾಯಿ ಬರುತ್ತಿಲ್ಲ.